ಮಂಗಳವಾರದ ಡಾಕ್ಟರ: ಡಬ್ಬಿಯೊಳಗಿನ ಕಫ

"ಹಿಡೀರಿ ಇದನ್ನ. ಕಿಡಕಿ ಬೆಳಕಿಗೆ ಹಿಡೀರಿ," ಅಂತ ಸತ್ತ ಹುಡಿಗಿಯ ಎಕ್ಸರೇ ಫಿಲ್ಮ ಅವನ ಕೈಯಾಗ ತುರುಕಿದೆ. "ಎಲ್ಲೈತ್ರಿ ಕ್ಷಯ? ನನ್ನವು ಮುದುಕನ ಕಣ್ಣು, ಕಾಣವಲ್ದು. ಮದ್ರಾಸಿಗೆ ಹೋಗಿ ಕಲತು ಬಂದ ಕಣ್ಣಿಗರೆ ಕಾಣತೈತೇನು ನೋಡೂಣು."

ಡಾ. ಅಮೋಘಸಿದ್ದಪ್ಪ ಬಾಳಿಕಾಯಿ ಸಿಟ್ಟಿಗೇಳಲಿಲ್ಲ. ಅವನ ಈ ಗುಣಾನ ನನಗ ಸೇರೂದಿಲ್ಲ. ಬೈದ್ರ ತಿರಗಿ ಬೈಬೇಕು, ಜಗಳಾ ತಗದಾವಗೂ ಒಂದು ಸಮಾಧಾನ ಇರತೈತಿ. ಇವ ಫಿಲ್ಮ ಬೆಳಕಿಗೆ ಹಿಡದು, ಮ್ಯಾಲಿಂದ ತೆಳಗಿನತನಾ ಸಾವಕಾಶ ನೋಡಿ, "ಸ್ವಚ್ಛ ಐತ್ರಿ ಸಾಹೇಬ್ರ. ಎರಡೂ ಪುಪ್ಪುಸ ಸ್ವಚ್ಛ ಅದಾವ," ಅಂದ.

"ಕೇಳಿದ್ರೇನ್ರಿ ಫೌಜದಾರ್ರ?"

ಬಾಗಲದಾಗ ನಿಂತಿದ್ದ ನಮ್ಮ ಪೊಲೀಸ ಠಾಣೇದ ಫೌಜದಾರ ಮುದಕಪ್ಪ ಹೂಂ ಅಂದ.

ನಮ್ಮ ಅಣ್ಣಿಗೇರಿಯ ದಲಾಲಿ ಕುಬೇರಪ್ಪನ ಸೊಸಿ ರೇಣುಕವ್ವ ರವಿವಾರ ಮುಂಜಾನೆ ಒಂದು ಸೂಜಿ ಮಾಡಿಸಿಕೊಂಡು, ಕುಂತ ಜಾಗಾ ಬಿಟ್ಟು ಏಳೂದ್ರಾಗ ಸತ್ತಿದ್ಲು. ನವಲಗುಂದದಿಂದ ಬಂದ ಸರಕಾರಿ ಡಾಕ್ಟರು ಹೆಣಾ ಕೊಯ್ದು ನೋಡಿ, ಹುಡಿಗಿಗೆ ಎದಿಯೊಳಗ ಯಾವ ರೋಗಾನೂ ಇರಲಿಲ್ಲ, ಸ್ಟ್ರೆಪ್ಟೊಮೈಸಿನ್ ಸೂಜಿ ಮೈಗೆ ಒಗ್ಗದೆ ಜೀವ ಹೋಗೈತಿ ಅಂದಿದ್ರು. ರೋಗ ಇಲ್ಲದಾಕಿಗೆ ಕ್ಷಯದ ಸೂಜಿ ಬರದಾವ ಯಾರು? ಕುಬೇರಪ್ಪ ಬೊಟ್ಟು ಮಾಡಿ ತೋರಿಸಿದ್ದು ಈ ಮಂಗಳವಾರದ ಡಾಕ್ಟರನ್ನ.

ಫೌಜದಾರಗ ವೈದ್ಯಕಿ ತಿಳಿಯೂದಿಲ್ಲ. ಹಿಂದೊಮ್ಮೆ ವಿಷ ಹಾಕಿದ ಪ್ರಕರಣದಾಗ ದಾರಿ ತೋರಿಸಿದಾವ ನಾನ, ಡಾಕ್ಟರ ಮಡಿವಾಳೆಪ್ಪ. ಅದಕ್ಕ ಈ ಸಲಾನೂ ನನ್ನ ಕರಕೊಂಡು ಬಂದಿದ್ದ. ಕರೀದಿದ್ರೂ ಬರ್ತಿದ್ದೆ ಅನ್ರಿ.

ಖರೇ ಹೇಳ್ತೇನಿ, ಈ ಮನಿಶ್ಯಾನ ಬೋರ್ಡ ನೋಡಿದ್ರ ನನಗ ಹೊಟ್ಟ್ಯಾಗ ಬೆಂಕಿ ಬೀಳತೈತಿ. ಕಾಳಿನ ಪ್ಯಾಟಿಯೊಳಗ, ನನ್ನ ದವಾಖಾನಿಗೆ ಅಗದಿ ಎದುರಾಎದುರು ಒಂದು ಕೋಲಿ ಬಾಡಗಿ ಹಿಡದಾನ. ಹುಬ್ಬಳ್ಳಿಯಿಂದ ಮುಂಜಾನಿ ಗಾಡಿಗೆ ವಾರಕ್ಕೊಮ್ಮೆ, ಮಂಗಳವಾರ ಅಷ್ಟ ಬರ್ತಾನ. ಬೋರ್ಡ ಮಾತ್ರ ವಾರಪೂರ್ತಿ ನನ್ನ ಮಾರಿ ನೋಡಕೋತ ನಿಂತಿರತೈತಿ.

'ಡಾ. ಅಮೋಘಸಿದ್ದಪ್ಪ ಬಾಳಿಕಾಯಿ, ಎಂ.ಬಿ.ಬಿ.ಎಸ್., ಟಿ.ಡಿ.ಡಿ., ಎದೆ ಮತ್ತು ಶ್ವಾಸಕೋಶ ರೋಗಗಳ ತಜ್ಞರು. ಹಿಂದೆ ಕ್ಷಯರೋಗ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಗಳು. ಹಳೆಯ ಕೆಮ್ಮು, ದಮ್ಮು, ಸಂಜೆಯ ಜ್ವರ, ಕಫದಲ್ಲಿ ರಕ್ತ ಇದ್ದವರು ತಡಮಾಡದೆ ಬರಬೇಕು. ಹಳೆಯ ಫಿಲ್ಮು ಇದ್ದರೆ ತರಬೇಕು. ಕಫ ಪರೀಕ್ಷೆ ಇಲ್ಲಿಯೇ ಮಾಡಲಾಗುವುದು. ಅಣ್ಣಿಗೇರಿ, ಕರ್ನಾಟಕ ರಾಜ್ಯ.'

ಕರ್ನಾಟಕ ರಾಜ್ಯ! ಸರಕಾರ ಹೆಸರು ಬದಲಿ ಮಾಡಿ ಇನ್ನೂ ಮಂದಿ ಬಾಯಾಗ ಮೈಸೂರು ಅನ್ನೂದು ಹೋಗಿಲ್ಲ, ಇವ ಆಗಲೇ ಬಣ್ಣದಾಗ ಬರಸ್ಯಾನ. ನನ್ನ ಬೋರ್ಡಿನ ಮ್ಯಾಲ ಎಲ್.ಸಿ.ಪಿ.ಎಸ್., ಮುಂಬೈ ಅಂತ ಹಳೇ ಕಾಲದ ಸಣ್ಣ ಡಾಕ್ಟರಕಿ ಐತಿ. ಅದರಾಗೂ ಎಸ್ ಮಳಿಗೆ ಅಳಿಸಿ ಹೋಗೈತಿ.

ನನ್ನ ಮಿಕ್ಸಚರ ಕುಡದು ದೊಡ್ಡವರಾದ ಮಂದಿ ಮಂಗಳವಾರ ಬಂತಂದ್ರ ತಲಿ ತೆಳಗ ಹಾಕಿ ನನ್ನ ಕಟ್ಟಿ ದಾಟಿ ಅತ್ತಾಗ ಹೋಗ್ತಾರ. ಪಾಳಿಗೆ ಚಪ್ಪಲಿ ಸಾಲಾಗಿಟ್ಟು ಗ್ವಾಡಿ ನೆಳ್ಳಿಗೆ ಕುಂದ್ರತಾರ. ಒಬ್ಬಾವರೆ ನನ್ನ ಕಡೆ ನೋಡಿ ನಮಸ್ಕಾರ ಅನ್ನಬೇಕಲ್ಲಾ? ಊಂ ಹೂಂ.

"ಎದಿ ಸ್ವಚ್ಛ ಐತಿ ಅಂತ ನೀವ ಒಪ್ಪಿದ್ರಿ," ಅಂದೆ. "ಅಂದ ಮ್ಯಾಲ ಸೂಜಿ ಯಾಕ ಬರದ್ರಿ?"

"ನಾ ಬರದಿಲ್ಲರಿ."

"ಕುಬೇರಪ್ಪ ಸುಳ್ಳ ಹೇಳ್ತಾನೇನು?"

"ಅವರು ಯಾಕ ಹಂಗಂದ್ರೋ ಗೊತ್ತಿಲ್ಲರಿ. ಕಫದಾಗ ಕ್ಷಯದ ಹುಳ ಕಂಡಾವ, ಫಿಲ್ಮಿನ್ಯಾಗ ಏನೂ ಇಲ್ಲ, ಎರಡೂ ಹೊಂದವಲ್ವು ಅಂತ ಅವರಿಗೆ ಹೇಳಿದೆ. ಮುಂದಿನ ಮಂಗಳವಾರ ಇನ್ನೊಮ್ಮೆ ಕಫ ತರ್ರಿ, ಅಲ್ಲೀತನಾ ಸೂಜಿ ಬ್ಯಾಡ, ಗುಳಿಗಿ ಬ್ಯಾಡ ಅಂದೆ."

"ಹಂಗಂತ ಬರದು ಕೊಡಬೇಕಾಗಿತ್ತಲ್ಲಾ?"

"ಬರೀಬ್ಯಾಡ್ರಿ ಅಂತ ಅವರು ಕೈ ಮುಗದ್ರು. ಮಗಳ ಲಗ್ನದ ಮಾತುಕತಿ ನಡದೈತಿ, ಸೊಸಿ ಹೆಸರಿಗೆ ಕ್ಷಯ ಅಂತ ಒಂದು ಚೀಟಿ ಸಿಕ್ರ ಮುರದು ಬೀಳತೈತಿ ಅಂದ್ರು. ಅದಕ್ಕ ಬಾಯಿಲೇನ ಹೇಳಿ ಕಳಿಸಿದೆ."

ಇದು ಸುಳ್ಳಲ್ಲ. ಕ್ಷಯ ಅನ್ನೂ ಮಾತು ಹೊಸ್ತಲಾ ದಾಟಿತಂದ್ರ ಆ ಮನಿ ಹೆಣ್ಣು ನಮ್ಮ ಕಡೆ ಯಾರೂ ತರೂದಿಲ್ಲ. ಆದ್ರೂ ನಾ ಬಿಡಲಿಲ್ಲ.

"ಕಫದಾಗ ಹುಳ ಇದ್ವು ಅಂತ ನೀವಂತೀರಿ. ನೋಡಿದವರಾರು?"

ಅವ ಮೂಲ್ಯಾಗಿನ ಕಟಗಿ ಪೆಟ್ಟಿಗಿ ತಗದು ಸೂಕ್ಷ್ಮದರ್ಶಕ ಹೊರಗಿಟ್ಟ. ಕುಬೇರಪ್ಪನ ಮನಿಯಿಂದ ಡಬ್ಬಿಯೊಳಗ ಬಂದ ಕಫ ಸವರಿದ ಕಾಜಿನ ಪಟ್ಟಿ ಅದರ ತೆಳಗ ಸರಿಸಿ, "ನೀವ ನೋಡ್ರಿ," ಅಂದ.

ಕಾಲೇಜು ಬಿಟ್ಟ ಮ್ಯಾಲ ನಾ ಅಂಥಾ ಯಂತ್ರದಾಗ ಕಣ್ಣಿಟ್ಟಿದ್ದಿಲ್ಲ. ಮೊದಲ ನನ್ನ ಕಣ್ಣರೆಪ್ಪಿ ಕೂದಲಾನ ಕಂಡ್ವು. ಅವ ಬಾಜೂಕ ನಿಂತು, ನನಗ ಗೊತ್ತಾಗಧಂಗ ತಿರುಪ ತುಸು ತಿರುವಿದ. ಆಗ ಕಂಡ್ವು. ನೀಲಿ ಬಣ್ಣದಾಗ ಕೆಂಪನ ಸಣ್ಣ ಕಡ್ಡಿ, ಒಂದಲ್ಲ ಎರಡಲ್ಲ, ಎಲ್ಲಿ ನೋಡಿದ್ರಲ್ಲಿ.

"ಅದಾವ," ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ನಾಲಗಿ ಕಡಕೊಂಡೆ.

"ಅಂದ್ರ ಹುಡಿಗಿಗೆ ರೋಗ ಇತ್ತೋ ಇಲ್ಲೋ? ಒಂದ ಮಾತ ಹೇಳ್ರಿ," ಅಂದ ಫೌಜದಾರ.

"ಎದಿ ಇಲ್ಲ ಅಂತೈತಿ. ಕಫ ಐತಿ ಅಂತೈತಿ," ಅಂದೆ.

"ಬ್ಯಾರೇ ಯಾರದೋ ಕಫ ತೋರಿಸಿ ನಮಗ ಟೋಪಿ ಹಾಕಾಕತ್ಯಾನೇನು?"

ಫೌಜದಾರನ ಆ ಮಾತು ನನಗ ಭಾಳ ಹಿಡಿಸಿತು. ತಿರುಗಿ ನಿಂತು ಡಾಕ್ಟರನ ಮ್ಯಾಲ ಹರಿಹಾಯ್ದೆ. "ಮದ್ರಾಸದ ಡಿಗ್ರಿ ಖರೇ ಐತೋ, ಅದೂ ಬರೇ ಬಣ್ಣದ್ದೋ? ಮಿಶ್ರಿಕೋಟಿ ಅಡವ್ಯಾಗ ಕುರಿ ಕಾಯೋ ಮನಿತನದಾವ ನೀ. ಕೆಮ್ಮು, ನೆಗಡಿ, ಬ್ಯಾನಿ ನೋಡಕೋತ ಸುಮ್ಕ ಇರೂದು ಬಿಟ್ಟು ಎದಿ ಡಾಕ್ಟರ ಯಾಕಪಾ ಆದಿ? ಆ ವಿದ್ಯಾ ಎಲ್ಲಿ ಕಲತಿ?"

ಅವನ ಮಾರಿ ತುಸು ಬಾಡಿತು. ಅಂಗಿ ಗುಂಡಿ ಬಿಚ್ಚಿ ಬಲಗಡೆ ಬೆನ್ನು ತೋರಿಸಿದ. ಹೆಗಲಿನ ತೆಳಗಿಂದ ಪಕ್ಕಡಿತನಾ ಉದ್ದಕ ಒಂದು ಹೊಲಿಗಿ ಕಲಿ. ಆ ಕಡೆ ಎದಿ ಒಳಗ ಕುಸದಿತ್ತು.

"ಕಾಲೇಜಿನ್ಯಾಗಿದ್ದಾಗ ನನಗೂ ಬಂದಿತ್ತರಿ. ಎಲುಬು ತಗದಾರ. ವಾರ್ಡಿನ್ಯಾಗ ನನ್ನ ಬಾಜೂ ಕಾಟಿನವರು ಒಬ್ಬೊಬ್ಬರ ಹೋದ್ರು, ನಾ ಉಳದೆ. ಆಮ್ಯಾಲ ಬ್ಯಾರೇ ವಿದ್ಯಾ ಕಲೀಬೇಕು ಅನಸಲಿಲ್ಲ. ಮದ್ರಾಸಿಗೆ ಹೋಗಿ ಇದನ್ನ ಕಲತು ಬಂದೆ."

ಕಿಡಕಿ ಹೊರಗಿಂದ ಇಣಿಕಿ ಹಾಕಿದ್ದ ಮುದುಕಿಯೊಬ್ಬಾಕಿ, "ಅಯ್ಯ ನನ್ನಪ್ಪಾ, ಎಷ್ಟ ಕಷ್ಟ ಪಟ್ಟಿಯೋ!" ಅಂತ ಸೆರಗಿಲೆ ಕಣ್ಣು ಒರಸಿಕೊಂಡ್ಲು.

ನೋಡ್ರಿ ಹೆಂಗೈತಿ ನನ್ನ ದೈವ! ನನಗ ಈ ಜಲ್ಮದಾಗ ಮೂಲವ್ಯಾಧಿ ಬಿಟ್ರ ಬ್ಯಾರೇ ಏನೂ ಬಂದಿಲ್ಲ. ಇವಗ ರೋಗಾನೂ ಎಂಥಾದ್ದು ಬಂದೈತಿ, ಅಂಗಿ ತಗದು ತೋರಿಸಿದ್ರ ಮಂದಿ ಕಣ್ಣೀರ ಹಾಕೂವಂಥಾದ್ದು!

ಫೌಜದಾರ ಗಡಿಯಾರ ನೋಡಿಕೊಂಡ. "ಮಡಿವಾಳೆಪ್ಪ ಡಾಕ್ಟರ್ರ, ನನಗ ಹುಳಾ ಗಿಳಾ ತಿಳಿಯೂದಿಲ್ಲ. ಇವರು ಸೂಜಿ ಬರದಿದ್ದು ಹೌದು ಅಂತ ನೀವಂದ್ರ ಈಗ ಜೀಪಿನ್ಯಾಗ ಹಾಕ್ಕೊಂಡು ಹೋಗ್ತೇನಿ. ಕೇಸ ನಿಂತ್ರ ಡಾಕ್ಟರಕಿ ಹೋಗತೈತಿ, ಜೇಲೂ ಆಗತೈತಿ. ಅಲ್ಲ ಅಂದ್ರ ಬಿಡ್ತೇನಿ. ಲಗೂನ ಒಂದು ಹೇಳ್ರಿ."

"ಕುಬೇರಪ್ಪನ ಮನಿಗೆ ಹೋಗಿ ಬರ್ತೇನಿ," ಅಂದೆ.

ಹೋಗುವಾಗ ಹಾದ್ಯಾಗ ಒಂದ ವಿಚಾರ. ಎದಿ ಸುಳ್ಳ ಹೇಳೂದಿಲ್ಲ. ಕಫಾನೂ ಸುಳ್ಳ ಹೇಳೂದಿಲ್ಲ. ನಾ ಕಣ್ಣಾರೆ ನೋಡೇನಿ. ಹಂಗಾದ್ರ ಆ ಕಫ ಆ ಎದೀದು ಅಲ್ಲ. ಡಬ್ಬಿ ಆ ಮನಿಯಿಂದ ಬಂದೈತಿ. ಹಂಗಾದ್ರ ಡಬ್ಬಿ ತುಂಬಿದವರಾರು?

ಪ್ಯಾಟಿ ಹಿಂದಿನ ಓಣ್ಯಾಗ ಕುಬೇರಪ್ಪನ ಮನಿ. ಸತ್ತ ಹುಡಿಗಿಯ ಅತ್ತಿ ರೇವವ್ವ ಒಬ್ಬಾಕೀನ ಹಿತ್ತಲ ಬಾಗಲದಾಗ ಕುಂತಿದ್ಲು. ನನ್ನ ನೋಡಿ ಎದ್ದು ಸೆರಗು ಸರಿ ಮಾಡಿಕೊಂಡ್ಲು.

"ಬರ್ರಿ ಡಾಕ್ಟರಪ್ಪಾರ. ಮನಿಯವರು ಅಂಗಡಿಗೆ ಹೋಗ್ಯಾರ," ಅನ್ನೂದ್ರಾಗ ಆಕಿಗೆ ಕೆಮ್ಮು ಬಂತು. ಬಾಗಲಾ ಹಿಡಕೊಂಡು ಕೆಮ್ಮಿದ್ಲು. ಕೈ ಬಳಿ ಮೊಣಕೈತನಾ ಜಾರಿದ್ವು, ಅಷ್ಟ ಸೊರಗಿದ್ಲು. ಕಣ್ಣು ಮಾತ್ರ ಥಳಥಳಾ ಹೊಳೀತಿದ್ವು.

"ರೇವವ್ವಾ, ಕಫ ಹಾಕಿ ತರ್ರಿ ಅಂತ ಡಾಕ್ಟರ ಒಂದು ಡಬ್ಬಿ ಕೊಟ್ಟಿದ್ರಲ್ಲಾ? ಯಾವಾಗ ಹಾಕ್ರಿ ಅಂದಿದ್ರು?"

"ಮುಂಜಾನೆ ಎದ್ದ ಕೂಡ್ಲೇರಿ. ಬಾಯಿ ಮುಕ್ಕಳಿಸೂಕಿಂತ ಮೊದಲ, ಎದಿಯಿಂದ ಜೋರ ಕೆಮ್ಮಿ ಹಾಕಬೇಕು ಅಂದಿದ್ರು."

"ರೇಣುಕವ್ವ ಹಂಗ ಹಾಕಿದ್ಲೇನು?"

ರೇವವ್ವ ನೆಲಾ ನೋಡಿದ್ಲು.

"ಹೇಳವ್ವಾ. ನಾ ಯಾರ ಮುಂದೂ ಆಡೂದಿಲ್ಲ."

"ಆಕಿ ಹ್ಯಾಂಗ ಹಾಕ್ಯಾಳ್ರಿ? ಮಾವ ಪಡಸಾಲ್ಯಾಗ ಮಲಗಿರ್ತಾರ. ಆಕಿ ಎಲ್ಲಾರಕಿಂತ ಮೊದಲ ಎದ್ದು, ಬಾಯಿ ತೊಳಕೊಂಡು ಅಂಗಳಾ ಸಾರಸಬೇಕು. ಗಂಡನ ಮನಿಗೆ ನಡದು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ತೊಳೀದ ಬಾಯಿಲೆ ಮಾವನ ಎದುರಿಗೆ ಖ್ಯಾಕರಿಸಿ ಉಗಳೂದಂದ್ರ! 'ಅತ್ತೀ, ಏನ ಮಾಡಿದ್ರೂ ನಾ ಒಲ್ಲೆ,' ಅಂತ ಅಳಾಕ ಕುಂತ್ಲು. ಆಕಿಗೆ ಇದ್ದದ್ದಾದ್ರೂ ಏನು, ಥಂಡಿ ಹತ್ತಿ ಒಣ ಕೆಮ್ಮು. ನನಗ ನೋಡಿದ್ರ ಕಫಕ್ಕ ಕೊರತೀನ ಇಲ್ಲ. ನಾನ ಡಬ್ಬಿ ತುಂಬಿಕೊಟ್ಟೆ. ಯಾರದಾದ್ರೇನ್ರಿ, ಉಣ್ಣೂದು ಒಂದ ಗಡಗಿ ಅನ್ನ ಅಲ್ಲೇನು?"

ನಾ ಅಲ್ಲೇ ಕಟ್ಟಿ ಮ್ಯಾಲ ಕುಂತೆ.

ಶಿವನ! ಎಷ್ಟ ಆನಂದ ಆತಂದ್ರ, ಹೆಣಾ ಹೋದ ಮನಿಯೊಳಗ ಕುಂತೇನಿ ಅನ್ನೂದು ಮರತು ನಕ್ಕೆ. ಮದ್ರಾಸಕ್ಕ ಹೋಗಿ ಕಲತ ತಜ್ಞಗ ಇದು ಹೊಳೀಲಿಲ್ಲ! ಕಟಗಿ ಪೆಟ್ಟಿಗ್ಯಾಗಿನ ಯಂತ್ರಕ್ಕ ಹೊಳೀಲಿಲ್ಲ! ಈ ಎಲ್.ಸಿ.ಪಿ.ಎಸ್. ಮುದುಕಗ ಹೊಳೀತು!

ಆಮ್ಯಾಲ ತಿಳೀತು, ಇದನ್ನ ಹೇಳಿದ್ರ ಉಳ್ಯಾವ ಅವನ ಅಂತ. ಅವ ಎರಡೂ ಹೊಂದವಲ್ವು ಅಂದದ್ದು ಖರೇ ಆಗತೈತಿ. ನನ್ನ ಜಾಣತನ ಎಲ್ಲಾ ಅವನ ಕೊಳ್ಳಾಗಿನ ಹೂವಿನ ಹಾರ ಆಗತೈತಿ.

"ಸೂಜಿ ಯಾರು ಹೇಳಿದ್ರವ್ವಾ?"

"ಮಂಗಳವಾರದ ಡಾಕ್ಟರ ಈಗ ಬ್ಯಾಡ ಅಂದಿದ್ರಂತ್ರಿ. ಮತ್ತ ಆ ಪಾಳಿದಾಗ ಹೋಗಿ ಕುಂತ್ರ ಊರಿಗೆಲ್ಲಾ ಗೊತ್ತಾಗತೈತಿ, ಬೀಗತಾನ ಮುರೀತೈತಿ ಅಂತ ನಮ್ಮ ಮನಿಯವರ ಸೂಜಿ ತರಿಸಿ, ಮಾಡಾಕ ಹೊರಗಿನವರೊಬ್ಬರನ್ನ ಕರಸಿದ್ರು."

"ಯಾರನ್ನ?"

"ನಾ ಒಳಗಿದ್ದೆರಿ, ಮಾರಿ ನೋಡಿಲ್ಲ." ತುಸು ತಡದು, "ನನ್ನ ಕಫದಾಗ ಏನರೆ ಕಂಡೈತೇನ್ರಿ ಡಾಕ್ಟರಪ್ಪಾರ?" ಅಂದ್ಲು.

ಆಕಿಗೆ ಉತ್ತರಾ ಕೊಡೂದ್ರಾಗ ಹಿಂದ ಗಂಟಲಾ ಸರಿ ಮಾಡಿಕೊಂಡ ಸಪ್ಪಳ ಆತು. ಕುಬೇರಪ್ಪ ನಿಂತಿದ್ದ.

"ಒಳಗ ನಡಿ," ಅಂದ. ರೇವವ್ವ ಹೋದ್ಲು.

"ಹೆಣ್ಮಕ್ಕಳ ಮಾತು ಏನ ಹಿಡೀತೀರಿ ಡಾಕ್ಟರ್ರ," ಅಂತ ನನ್ನ ಬಾಜೂಕ ಕುಂತ. ಮನಿಯೊಳಗ ಸೊಸಿ ಸತ್ತಾಳ, ಇವನ ಹಣಿ ಮ್ಯಾಲಿನ ವಿಭೂತಿ ಮಾತ್ರ ನೆಟ್ಟಗ ಇತ್ತು. "ನಾ ಒಂದು ಮಾತು ಹೇಳ್ಲಿ? ಆ ಹುಡುಗ ಈ ಊರ ಬಿಟ್ಟು ಹ್ವಾದಂದ್ರ ನಿಮ್ಮ ಕಟ್ಟಿ ಮೊದಲಿನಂಗ ತುಂಬತೈತಿ. ನನ್ನ ಮನಿ ಮಾನ ಉಳೀತೈತಿ. ನನಗೂ ಅದ ಬೇಕಾಗೈತಿ, ನಿಮಗೂ ಅದ ಬೇಕಾಗೈತಿ. ಸುಳ್ಳೇನು?"

"ನಾಚಿಕಿ ಇಲ್ಲೇನೋ ನಿನಗ!" ಅಂತ ಎದ್ದೆ. ಸಿಟ್ಟು ಬಂದದ್ದು ಅವ ಕೆಟ್ಟ ಮಾತು ಆಡಿದಾ ಅಂತಲ್ಲ. ನನ್ನ ಮನಸಿನ್ಯಾಗಿದ್ದದ್ದನ್ನ ಅವ ಬಾಯಿಲೆ ಅಂದುಬಿಟ್ಟಿದ್ದ.

ಓಣಿ ದಾಟುವಾಗ ನಿರ್ಧಾರ ಮಾಡಿದೆ. ಹೇಳೇಬಿಡೂದು. ಸುಮ್ಮಸುಮ್ಮನ ಅಲ್ಲ, ಆ ಪಾಳಿದಾಗ ಕುಂತ ಮಂದಿ ಎಲ್ಲಾರ ಎದುರಿಗೆ, ದೊಡ್ಡ ದನೀಲೆ ಹೇಳೂದು. ನಿಮ್ಮ ತಜ್ಞ ಎಡವಿದಲ್ಲಿ ಕೈ ಹಿಡದು ಎತ್ತಿದಾವ ಈ ಮಡಿವಾಳೆಪ್ಪ ಅಂತ ಅವರಿಗೆ ಗೊತ್ತಾಗಬೇಕು. ಅವನೂ ನನಗ ಕೈ ಮುಗೀಬೇಕು. ಅವ ಕೈ ಮುಗಿಯೂದು ಕಣ್ಣ ಮುಂದ ಬಂದು ಮನಸಿಗೆ ಅಗದಿ ಹಗುರ ಆತು. ಬಿರಬಿರ ನಡದೆ.

ಪಾಳಿ ಮೊದಲಿಗಿಂತ ಉದ್ದಾಗಿತ್ತು. ಜೀಪು ನೋಡಿ ಮಂದಿ ಗುಜುಗುಜು ಮಾತಾಡತಿದ್ರು. ಫೌಜದಾರ ಕಟ್ಟಿ ಮ್ಯಾಲ, ಅವನ ಬಾಜೂಕ ಡಾಕ್ಟರ. ನನ್ನ ನೋಡಿ ಡಾಕ್ಟರನ ಮಾರಿ ಮ್ಯಾಲ ಆಸೆ ಬಂತು. ನಾನೂ ಬಾಯಿ ತಗೀಬೇಕು ಅನ್ನೂದ್ರಾಗ ಗ್ವಾಡಿ ಕಡೆ ಕಣ್ಣು ಹೋತು.

ಹೆಂಗಸರ ಸಾಲಿನ್ಯಾಗ ಕಡೀಕ ಕುಂತಾಕಿ ಸಾವಿತ್ರೆವ್ವ. ನನ್ನ ಹೇಣ್ತಿ.

ನವಲಗುಂದಕ್ಕ ಅಕ್ಕನ ಮನಿಗೆ ಹೋಗಿ ಬರ್ತೇನಿ ಅಂತ ಮುಂಜಾನೆ ಹೇಳಿ ಹ್ವಾದಾಕಿ, ಸೆರಗು ಮೂಗಿನ ಮ್ಯಾಲೆಳಕೊಂಡು ಇಲ್ಲಿ ಪಾಳಿ ಹಚ್ಚಿ ಕುಂತಿದ್ಲು! ಈ ಸಂತಿ ನೋಡಿ ನೋಡಿ ಸಾಕಾಗಿ, ಈಚೀಚೆಗೆ ಮಂಗಳವಾರ ನಾ ಹಳ್ಳಿ ರೋಗಿಗಳನ್ನ ನೋಡಾಕ ಹೋಗಿಬಿಡ್ತಿದ್ದೆ. ಆಕಿಗೆ ಅದ ಅನುಕೂಲ ಆಗಿತ್ತು. ಇವತ್ತು ನಾ ಊರಾಗ ಇರ್ತೇನಂತ ಆಕಿಗೆ ಗೊತ್ತಿರಲಿಲ್ಲ. ಬಾಜೂ ಕುಂತ ಹೆಣ್ಮಗಳು ಆಕಿ ಕೂಡ ದಿನಾ ಭೆಟ್ಟಿ ಆಗವರಂಗ ಮಾತಾಡಾಕತ್ತಿದ್ಲು.

ಊರ ಮಂದಿ ಹೋದ್ರು, ಸಹಿಸಿದೆ. ನನ್ನ ಮನಿಯಾಕಿ! ನನ್ನ ಕೈಯಾಗಿನ ಔಷಧ ಬಿಟ್ಟು, ಅವನ ಮುಂದ ಉಸಿರು ಎಳದು, ಉಸಿರು ಹಿಡದು, ಅವ ಹೇಳಿಧಂಗ ಬಿಡಾಕ ಬಂದಾಳ. ಈ ಊರಾಗ ಇದನ್ನ ಅರೀದಾವ ನಾ ಒಬ್ಬನ ಇದ್ದೆ ಅನ್ರಿ.

"ಏನಾತ್ರಿ ಡಾಕ್ಟರ್ರ?" ಫೌಜದಾರ ಕೇಳಿದ. "ಸೂಜಿ ಯಾರದು?"

"ಇವಂದ," ಅಂದೆ. "ಇವನ ಬರದಾನ. ಮನಿಯವರನ್ನ ಕೇಳಿ ಬಂದೇನಿ. ಕರಕೊಂಡು ನಡೀರಿ."

ಪಾಳಿ ಎದ್ದು ನಿಂತಿತು. "ನಮ್ಮ ಡಾಕ್ಟರ ಅಂಥಾವ ಅಲ್ಲರಿ!" ಅಂತ ಆ ಮುದುಕಿ ಚೀರಿದ್ಲು. ಯಾರೋ ನನ್ನ ಕಡೆ ನೋಡಿ ಉಗುಳಿದ್ರು. ಫೌಜದಾರ ಅಮೋಘಸಿದ್ದಪ್ಪನ ರಟ್ಟಿ ಹಿಡದ.

ಅವ ಜೀಪಿನತನಾ ನಡದ. ಅಲ್ಲಿ ಬಂದು ನಿಂತು, ನನಗಷ್ಟ ಕೇಳೂವಂಗ ಸಣ್ಣ ದನೀಲೆ, "ಸಾಹೇಬ್ರ, ನನ್ನ ಮಾತು ಇರಲಿ. ಅವ್ವಾರ ಔಷಧ ನಿಲ್ಲಬಾರದ್ರಿ," ಅಂದ.

"ಯಾವ ಅವ್ವಾರು?"

"ನಿಮ್ಮ ಮನಿಯವರು. ಎಡಗಡೆ ಪುಪ್ಪುಸದ ಮ್ಯಾಲಿನ ಭಾಗದಾಗ ಗಾಯ ಆಗೈತಿ. ಆರಾಕತ್ತಿತ್ತು. ನಡುವ ಬಿಟ್ರ ಆಮ್ಯಾಲ ಅದ ಔಷಧ ಹತ್ತೂದಿಲ್ಲ. ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ರು. ನಿಮ್ಮ ಮಿಕ್ಸಚರಿಗೆ ಕೆಮ್ಮು ನಿಲ್ಲಲಿಲ್ಲ ಅಂದ್ರ ನಿಮ್ಮ ಮನಸು ನೋಯತೈತಿ ಅಂದ್ರು. ಮುಂದ ಯಾರ ಕಡೆ ಹೋಗಬೇಕು ಅನ್ನೂದು ನೀವ ನೋಡ್ರಿ. ಒಂದಿನಾನೂ ತಪ್ಪಸಬ್ಯಾಡ್ರಿ."

ಜೀಪಿನ ಬಾಗಲಾ ಹಿಡಕೊಂಡೆ. ಕ್ಷಯ. ನನ್ನ ಮನಿಯೊಳಗ, ನನ್ನ ಹಾಸಗಿ ಬಾಜೂಕ. ನಾ ಅದಕ್ಕ ಥಂಡಿ ಅಂದು, ದಿನಾ ಚಮಚದಾಗ ಸಿಹಿ ನೀರು ಕುಡಿಸಿದ್ದೆ. ಗುಣಾ ಮಾಡಾವನ್ನ ಈಗ ನಾನ ಪೊಲೀಸರ ಕೈಗೆ ಕೊಟ್ಟಿದ್ದೆ.

ಮಂದಿ ದಾರಿ ಬಿಟ್ರು. ಸಾವಿತ್ರೆವ್ವ ನನ್ನ ಮುಂದ ಬಂದು ನಿಂತ್ಲು. ಮೂಗಿನ ಮ್ಯಾಲಿನ ಸೆರಗು ತಗದಿದ್ಲು.

"ನೀವಂದದ್ದು ಕೇಳಿದೆ," ಅಂದ್ಲು. "ಖರೇ ಏನ್ರಿ ಅದು? ಆ ಸೂಜಿ ಅವರ ಬರದಾರೇನು?"

ಫೌಜದಾರ ಜೀಪಿನ್ಯಾಗ ಒಂದು ಕಾಲಿಟ್ಟಾವ ನಿಂತ. ಇಲ್ಲ ಅಂದ್ರ, ಹೊಟ್ಟಿಕಿಚ್ಚಿಗೆ ಸುಳ್ಳ ಸಾಕ್ಷಿ ಹೇಳಿದಾವ ಅಂತ ಊರೆಲ್ಲಾ ನನ್ನ ಮಾರಿಗೆ ಉಗಳತೈತಿ. ಹೌದು ಅಂದ್ರ, ಎದುರಿಗೆ ನಿಂತಾಕಿ ಉಳಿಯೂದಿಲ್ಲ.

ಅಷ್ಟರಾಗ ಹಿಂದಿಂದ ಬಂದ ಒಂದು ಕೈ ನನ್ನ ಹೆಗಲ ಮ್ಯಾಲ ಕುಂತಿತು. ಕುಬೇರಪ್ಪ.

"ಖರೇ ಐತಿ ತಂಗಿ," ಅಂದ, ಎಲ್ಲಾರಿಗೂ ಕೇಳೂವಂಗ. "ನಿನ್ನ ಯಜಮಾನ್ರು, ನಾನು, ಇಬ್ಬರೂ ಕೂಡೇ ಕೋರ್ಟಿನ್ಯಾಗ ಹೇಳಾವ್ರು. ಹೌದಲ್ರಿ ಡಾಕ್ಟರ್ರ?"

ಸಾವಿತ್ರೆವ್ವ ಅವನ ಕಡೆ ಹೊರಳಿ ಸುದ್ದಾ ನೋಡಲಿಲ್ಲ.

"ನಾ ನಿಮ್ಮನ್ನ ಕೇಳೇನಿ," ಅಂದ್ಲು.